ಏಳನೇ ಮಣಿ

ಬೆಳಗಿನ ಏಳಕ್ಕೆ ಇನ್ನೂ ಇಪ್ಪತ್ತು ನಿಮಿಷ ಇದೆ. ನಮ್ಮೂರು ಹಾರ್ಸೆವಾಲ್ಡಿನ ಪೂರ್ವದ ಒಡ್ಡಿನ ಮೇಲೆ ಬೂದು ಬಣ್ಣದ ಒಂದು ಗೆರೆ ಕಾಣುತ್ತಿದೆ, ಅಷ್ಟೆ. ಹಿಸ್ಕೆ ವೈಮೆಂಗಾ ಶಾಲೆಯ ಹಿಂಬಾಗಿಲಿಗೆ ಬೀಗ ಹಾಕಿ, ನೆಲ ಒರೆಸಿದ ಬಟ್ಟೆಗಳನ್ನು ಹೊರಗಿನ ತಂತಿಯ ಮೇಲೆ ಹರಡುತ್ತಾರೆ. ಹರಡುತ್ತಿದ್ದ ಹಾಗೆಯೇ ಅವು ಸೆಟೆದುಕೊಳ್ಳುತ್ತವೆ. ಒಂದನ್ನು ಬೆರಳಿನಿಂದ ತಟ್ಟಿದರೆ ಹಪ್ಪಳದ ಸದ್ದು.

"ಒಳ್ಳೇ ಲಕ್ಷಣ," ಅನ್ನುತ್ತಾರೆ. ಸೈಕಲ್ ಹತ್ತುತ್ತಾರೆ.

ಹಿಸ್ಕೆಗೆ ಐವತ್ತೆಂಟು ವರ್ಷ. ಸಂಬಳ ಬರುವುದು ಶಾಲೆಯ ಆರು ಕೋಣೆ, ಎರಡು ಪಡಸಾಲೆ, ಹನ್ನೊಂದು ಶೌಚಾಲಯ ತೊಳೆಯುವ ಕೆಲಸಕ್ಕೆ. ಸಂಬಳವಿಲ್ಲದ ಕೆಲಸ ಊರಾಚೆಯ ಬಯಲಿನಲ್ಲಿದೆ. ನವೆಂಬರಿನಲ್ಲಿ ನಮ್ಮ ಐಸ್ ಸಂಘ ಆ ಹುಲ್ಲುಗಾವಲಿಗೆ ಮೊಣಕಾಲುದ್ದ ನೀರು ಬಿಡುತ್ತದೆ. ನೀರು ಹೆಪ್ಪುಗಟ್ಟಲಿ ಎಂದು ಊರು ಕಾಯುತ್ತದೆ. ಐಸ್ ಎಷ್ಟು ದಪ್ಪವಾಗಿದೆ, ಜನ ಕಾಲಿಗೆ ಸ್ಕೇಟು ಕಟ್ಟಿ ಜಾರಬಹುದೇ ಎಂದು ಹೇಳಬೇಕಾದವರು ಹಿಸ್ಕೆ. ಒಂಬತ್ತು ವರ್ಷದಿಂದ ಬಯಲಿನ ಗೇಟಿನ ಬೀಗದ ಕೈ ಅವರ ಹತ್ತಿರ ಇದೆ. ಗೇಟು ಕೊನೆಯ ಸಲ ತೆರೆದು ಆರು ವರ್ಷವಾಯಿತು.

ಏಳು ಗಂಟೆ. ಸಂಘದ ಮರದ ಕೊಠಡಿಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಪರದೆಯೊಂದು ಬೆಳಗುತ್ತದೆ. ಅದರಲ್ಲಿ ಒಂದೇ ಅಂಕಿ: 6.

ಹಿಸ್ಕೆ ಅದನ್ನು ಸೀಸದ ಕಡ್ಡಿಯಲ್ಲಿ ಪುಸ್ತಕಕ್ಕೆ ಬರೆದುಕೊಳ್ಳುತ್ತಾರೆ. "ಆರು ಮಣಿ. ಏಳು ಬೇಕು."

ಬಯಲಿನ ನಡುವೆ ಒಂದು ಮರದ ಕೋಲು ನೆಟ್ಟಿದೆ. ಅದರುದ್ದಕ್ಕೂ ಸೆಂಟಿಮೀಟರಿಗೆ ಒಂದರಂತೆ ಹನ್ನೆರಡು ಪುಟ್ಟ ಉಷ್ಣಮಾಪಕಗಳು. ಹಿಸ್ಕೆ ಅವನ್ನು ಮಣಿ ಅನ್ನುತ್ತಾರೆ. ನೀರಿನಲ್ಲಿರುವ ಮಣಿಯ ಅಂಕಿ ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ಐಸಿನೊಳಗೆ ಸಿಕ್ಕಿಕೊಂಡ ಮಣಿ ಇಳಿಯುತ್ತದೆ. ಇಳಿದ ಮಣಿಗಳನ್ನು ಎಣಿಸಿ ಕೊಠಡಿಗೆ ತಿಳಿಸುವುದು ಪುಟ್ಟ ಕಂಪ್ಯೂಟರಿನಂಥ, ಬೆರಳುದ್ದದ ಒಂದು ವೈಫೈ ಬೋರ್ಡು. ಕೋಲಿನಿಂದ ಎರಡು ಮಾರು ದೂರದ ಕಂಬದ ಮೇಲೆ, ಬಿಸ್ಕತ್ತಿನ ಡಬ್ಬಿಯಲ್ಲಿ ಅದು ಮಲಗಿರುತ್ತದೆ. ಗಂಟೆಗೊಮ್ಮೆ ಎದ್ದು, ಎಣಿಸಿ, ಹೇಳಿ, ನಾಲ್ಕೇ ಸೆಕೆಂಡಿನಲ್ಲಿ ಮತ್ತೆ ಮಲಗುತ್ತದೆ. ಮೂರು ಬ್ಯಾಟರಿಯಲ್ಲಿ ಇಡೀ ಚಳಿಗಾಲ ಕಳೆಯುತ್ತದೆ.

ಆರಕ್ಕೇ ಜನ ಇಳಿದರೆ ಯಾರೂ ಮುಳುಗುವುದಿಲ್ಲ, ಮೊಣಕಾಲುದ್ದದ ನೀರು. ಆದರೆ ಐಸ್ ಬಿರುಕು ಬಿಡುತ್ತದೆ, ಬಿರುಕಿನಿಂದ ನೀರು ಮೇಲೆ ಬರುತ್ತದೆ, ಆ ವರ್ಷದ ಕಥೆ ಅಲ್ಲಿಗೆ ಮುಗಿಯುತ್ತದೆ. ತಡಮಾಡಿದರೂ ಅಷ್ಟೇ. ನಾಳೆ ಮಧ್ಯಾಹ್ನ ಗಾಳಿ ನೈಋತ್ಯಕ್ಕೆ ತಿರುಗಿ ಐಸ್ ಕರಗತೊಡಗುತ್ತದೆ ಎಂದು ರೇಡಿಯೋ ಹೇಳಿದೆ. ತೆರೆಯುವುದಿದ್ದರೆ ಇವತ್ತೇ.

*

ಬೆಸುಗೆ ಹಾಕುವುದನ್ನು ಹಿಸ್ಕೆ ಕಾರ್ಖಾನೆಯಲ್ಲಿ ಕಲಿತರು. ಹದಿನೇಳಕ್ಕೆ ಸೇರಿ ಇಪ್ಪತ್ತೆರಡು ವರ್ಷ ಗಡ್ಡ ಬೋಳಿಸುವ ಯಂತ್ರಗಳಿಗೆ ತಂತಿ ಕೂಡಿಸಿದರು. ದಿನಕ್ಕೆ ಒಂಬೈನೂರು ಯಂತ್ರ, ಒಂದೊಂದಕ್ಕೆ ನಾಲ್ಕು ಬೆಸುಗೆ.

"ಎಷ್ಟು ಜನರ ಗಡ್ಡ ಬೋಳಿಸಿದೀನಿ ಲೆಕ್ಕ ಹಾಕು," ಅನ್ನುತ್ತಾರೆ ನನಗೆ. "ಒಬ್ಬನಾದ್ರೂ ಬಂದು ಥ್ಯಾಂಕ್ಸ್ ಹೇಳಿದ್ನಾ?"

ಕೆಲಸ ಬೇರೆ ದೇಶಕ್ಕೆ ಹೋಯಿತು. ಇಡೀ ಸಾಲಿಗೆ ಒಂದು ಕೇಕು, ತಲೆಗೊಂದು ಹೂಗುಚ್ಛ ಕೊಟ್ಟು ಕಳಿಸಿದರು. ಹಿಸ್ಕೆ ಬೆಸುಗೆ ಕಡ್ಡಿಯನ್ನು ಹೂಗುಚ್ಛದೊಳಗೆ ಅಡಗಿಸಿ ಮನೆಗೆ ತಂದರು. ಆ ಕಡ್ಡಿ ಈಗಲೂ ಅವರ ಅಡುಗೆಮನೆಯ ಮೇಜಿನ ಮೇಲೆ, ಬೆಣ್ಣೆ ತಟ್ಟೆಯ ಪಕ್ಕ ಇದೆ.

ಶಾಲೆ ಸೇರಿದ ಐದನೇ ವರ್ಷ ಕಸದ ಡಬ್ಬಿಯ ಪಕ್ಕ ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ಮಕ್ಕಳಿಗೆ ಕಲಿಸಲೆಂದು ತರಿಸಿದ್ದ ಮೂವತ್ತು ವೈಫೈ ಬೋರ್ಡುಗಳು. ಕಲಿಸಬೇಕಿದ್ದ ಮೇಷ್ಟ್ರು ಕೆಲಸ ಬಿಟ್ಟಿದ್ದರು, ಪೆಟ್ಟಿಗೆ ಒಡೆದೇ ಇರಲಿಲ್ಲ. ಎಸೆಯುವುದೇ ಆದರೆ ನನಗೆ ಕೊಡಿ ಎಂದು ಹಿಸ್ಕೆ ಕೇಳಿದರು. ಅದರೊಳಗೆ ಬರೆಯಬೇಕಾದ ಆಜ್ಞೆಗಳು ಇಂಗ್ಲಿಷಿನಲ್ಲಿದ್ದವು. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ವಿಡಿಯೋಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಮೊದಲ ದೀಪ ಮಿನುಗಿಸಲು ಹನ್ನೊಂದು ದಿನ ಹಿಡಿಯಿತು.

"ಮಿನುಗ್ತು. ನಾನು ಎದ್ದು ಹೋಗಿ ಕಿಟಕಿ ಪರದೆ ಹಾಕ್ದೆ. ಯಾರಾದ್ರೂ ನೋಡಿದ್ರೆ, ಇವಳೇನು ದೀಪ ನೋಡ್ಕೊಂಡು ಅಳ್ತಾ ಕೂತಿದಾಳೆ ಅಂದ್ಕೊಳ್ತಾರೆ ಅಂತ."

ಮೂವತ್ತರಲ್ಲಿ ಹತ್ತೊಂಬತ್ತು ಬೋರ್ಡುಗಳು ಈಗ ಊರಿನಲ್ಲಿ ಕೆಲಸ ಮಾಡುತ್ತಿವೆ. ಶಾಲೆಯ ಬಾಯ್ಲರ್ ಆರಿದರೆ ಒಂದು ಹೇಳುತ್ತದೆ. ಬೇಕರಿಯ ಹಿಟ್ಟು ಉಬ್ಬಿತೆಂದು ಒಂದು. ಚರ್ಚಿನ ನೆಲಮಾಳಿಗೆಗೆ ನೀರು ಬಂತೆಂದು ಒಂದು. ಯಾವುದರ ಮೇಲೂ ಅವರ ಹೆಸರಿಲ್ಲ.

*

ಕೋಲಿನ ಕಥೆಯನ್ನು ಹಿಸ್ಕೆ ತಾವಾಗಿ ಹೇಳುವುದಿಲ್ಲ. ಕೇಳಿದರೆ ಮರೆಮಾಚುವುದೂ ಇಲ್ಲ.

ನಾಲ್ಕು ಚಳಿಗಾಲದ ಹಿಂದೆ ಮೊದಲ ಕೋಲು ನೆಟ್ಟರು. ಅದು ಅಲ್ಯೂಮಿನಿಯಂ ಕೊಳವೆ. ಮಣಿಗಳೂ ಬೋರ್ಡೂ ಒಟ್ಟಿಗೆ ಅದರೊಳಗೇ ಇದ್ದವು. ಚಳಿ ಬಿದ್ದಿತು. ಊರಿನ ಫೋನುಗಳೆಲ್ಲ ಅವರನ್ನೇ ಕೇಳತೊಡಗಿದವು. ಎಷ್ಟಾಯ್ತು, ಈಗ ಎಷ್ಟಾಯ್ತು? ಎಂಬತ್ತಾರು ವರ್ಷದ ಡುರ್ಕ್, ಹಳೆಯ ದೋಣಿ ಬಡಗಿ, ದಿನಾ ಬೆಳಗ್ಗೆ ಸ್ಕೇಟುಗಳನ್ನು ಲಾಡಿಯಿಂದ ಕೊರಳಿಗೆ ನೇತುಹಾಕಿಕೊಂಡು ಬಂದು ಕೊಠಡಿಯ ಬೆಂಚಿನ ಮೇಲೆ ಕೂರುತ್ತಿದ್ದರು. "ಹುಡುಗಿ, ಎಷ್ಟು ಮಣಿ?" ಎನ್ನುತ್ತಿದ್ದರು. ಜನ ಇಷ್ಟು ಕಾಯುತ್ತಿದ್ದಾರಲ್ಲ ಎಂದು ಹಿಸ್ಕೆ ಬೋರ್ಡಿಗೆ ಹತ್ತು ಸೆಕೆಂಡಿಗೊಮ್ಮೆ ಹೇಳುವಂತೆ ಆಜ್ಞೆ ಬರೆದರು.

ಮೂರು, ಅಂದಿತು ಅದು. ಮಾರನೆಯ ದಿನವೂ ಮೂರು. ಮೂರನೆಯ ದಿನವೂ.

ಪಕ್ಕದ ಊರಿನಲ್ಲಿ ಜನ ಐಸಿಗೆ ಇಳಿದರು. ಅವರ ಬಯಲು ಎತ್ತರದಲ್ಲಿದೆ, ನಮ್ಮದು ತಗ್ಗು ಎಂದು ನಾವು ಸಮಾಧಾನ ಹೇಳಿಕೊಂಡೆವು. ಡುರ್ಕ್ "ಸರಿ, ನಾಳೆ" ಅಂದು ಎದ್ದು ಹೋದರು. ಮಾರನೆಯ ದಿನ ಮಳೆ ಬಂತು.

ಕೋಲು ಕೀಳಲು ಹೋದಾಗ ಹಿಸ್ಕೆಗೆ ಕಂಡದ್ದು ಇದು: ಕೊಳವೆಯ ಸುತ್ತ ಬಳೆಯಷ್ಟು ಅಗಲದ ನೀರು. ಅದರಾಚೆ ಎಲ್ಲೆಲ್ಲೂ ಐಸ್, ಕರಗಿಯೂ ಇನ್ನೂ ಏಳು ಸೆಂಟಿಮೀಟರ್.

"ಮಾತಾಡಿ ಮಾತಾಡಿ ಅದಕ್ಕೆ ಮೈ ಬಿಸಿಯಾಗಿತ್ತು," ಅನ್ನುತ್ತಾರೆ ಹಿಸ್ಕೆ. "ಆ ಬಿಸಿ ಕೊಳವೇಲಿ ಇಳಿದು ತನ್ನ ಸುತ್ತ ಒಂದು ಕೊಳ ಮಾಡ್ಕೊಂಡಿತ್ತು. ಅದರಲ್ಲಿ ನಿಂತು, ನೀರಿದೆ ನೀರಿದೆ ಅಂತಿತ್ತು. ಸುಳ್ಳಲ್ಲ ಕಣೇ, ಅದು ಇದ್ದ ಜಾಗದಲ್ಲಿ ನೀರೇ ಇತ್ತು. ನಾನಾದ್ರೂ ಹತ್ತು ಹೆಜ್ಜೆ ಆಚೆ ಹೋಗಿ ಒಂದು ತೂತು ಕೊರೀಬಹುದಿತ್ತು. ಕೊರೀಲಿಲ್ಲ. ಕೈಯಾರೆ ಮಾಡಿದ್ದು, ನನ್ನ ಕೂಸು ನಂಗೇ ತಪ್ಪು ಹೇಳುತ್ತಾ ಅಂದ್ಕೊಂಡೆ."

ಯಾರಿಗೂ ಗೊತ್ತಾಗುತ್ತಿರಲಿಲ್ಲ. ಊರು ಹವಾಮಾನವನ್ನು ಬೈದು ಮರೆತಿತ್ತು. ಮಾರ್ಚಿನ ವಾರ್ಷಿಕ ಸಭೆಯಲ್ಲಿ ಹಿಸ್ಕೆ ಎದ್ದು ನಿಂತು, "ಆ ಮೂರು ದಿನ ಐಸ್ ಇತ್ತು. ನಾನು ನಿಮಗೆ ಇಲ್ಲ ಅಂದೆ," ಎಂದರು. ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟರು. ಸಂಘದ ಅಧ್ಯಕ್ಷ, ಬೇಕರಿಯ ಗೊಸ್ಸೆ, "ಯಾರಿಗಾದ್ರೂ ಇನ್ನೊಂದು ಕಾಫಿ?" ಅಂದರು. ಸಭೆ ಮುಗಿದು ಕುರ್ಚಿಗಳನ್ನು ಎತ್ತಿಟ್ಟರೂ ಬೀಗದ ಕೈ ಅಲ್ಲೇ ಬಿದ್ದಿತ್ತು. ಹಿಸ್ಕೆ ಅದನ್ನು ಮತ್ತೆ ಜೇಬಿಗೆ ಹಾಕಿಕೊಂಡು ಮನೆಗೆ ಹೋದರು.

ಡುರ್ಕ್ ಏಪ್ರಿಲಿನಲ್ಲಿ ತೀರಿಕೊಂಡರು. ಅದೇ ಕೊನೆಯ ಚಳಿಗಾಲವಾದವರು ಊರಿನಲ್ಲಿ ಇನ್ನೊಬ್ಬರಿದ್ದರು, ನಮ್ಮ ಮನೆಯಲ್ಲಿ.

ಆಮೇಲಿನ ಮೂರು ಚಳಿಗಾಲ ಐಸೇ ಕಟ್ಟಲಿಲ್ಲ. ಹಿಸ್ಕೆ ಆ ಮೂರು ವರ್ಷ ಕೋಲನ್ನು ಮತ್ತೆ ಮತ್ತೆ ಕಟ್ಟಿದರು. ಕೊಳವೆ ಹೋಗಿ ಮರ ಬಂತು. ಬೋರ್ಡು ದೂರದ ಕಂಬ ಹತ್ತಿತು. ಹತ್ತು ಸೆಕೆಂಡು ಹೋಗಿ ಗಂಟೆಯಾಯಿತು. ಮನೆಯ ಫ್ರೀಜರಿನಲ್ಲಿ ಬಕೆಟ್ಟಿಟ್ಟು, ಬಟಾಣಿಯನ್ನೂ ಮಾಂಸವನ್ನೂ ನೆರೆಮನೆಗೆ ಸಾಗಿಸಿ, ಪರೀಕ್ಷೆ ಮಾಡಿದರು. ಆದರೆ ಬಕೆಟ್ಟು ಬಯಲಲ್ಲ. ಈ ಕೋಲು ನಿಜ ಹೇಳುತ್ತದೆಯೇ ಎಂದು ತಿಳಿಯಲು ನಿಜವಾದ ಚಳಿಯೇ ಬರಬೇಕಿತ್ತು.

*

ಎಂಟು ಗಂಟೆಯ ಹೊತ್ತಿಗೆ ಬೇಲಿಯ ಹೊರಗೆ ನಲವತ್ತು ಜನರಿದ್ದಾರೆ. ಗೊಸ್ಸೆ ಬೇಕರಿಯ ಬಿಳಿ ಅಂಗಿಯ ಮೇಲೆಯೇ ಕೋಟು ಹಾಕಿಕೊಂಡು ಬಂದಿದ್ದಾರೆ. ನೂರ ಹದಿನೆಂಟು ಕಿಲೋ ತೂಕದ ಮನುಷ್ಯ. ಸಂಘದಲ್ಲಿ ಎಲ್ಲರಿಗಿಂತ ಭಾರದವರು ಗೇಟು ತೆರೆಯುವ ಮುನ್ನ ಐಸಿನ ಮೇಲೆ ನಡೆದು ತೋರಿಸಬೇಕೆಂಬುದು ಇಲ್ಲಿನ ಹಳೆಯ ಪದ್ಧತಿ. ಹಾಗಾಗಿ ಅವರು ಅಧ್ಯಕ್ಷರಾದದ್ದು ಬ್ರೆಡ್ಡಿನಿಂದಲ್ಲ, ಹೊಟ್ಟೆಯಿಂದ ಎಂದು ಊರು ಹೇಳುತ್ತದೆ.

"ಏನಮ್ಮಾ ತಾಯಿ, ನಿನ್ನ ಕೂಸು ಎದ್ದಿತಾ?"

"ಈಗ ಏಳುತ್ತೆ. ನೀನು ಬೇಲಿಗೆ ಒರಗಬೇಡ, ಮುರಿದೀತು."

ಪರದೆ ಬೆಳಗುತ್ತದೆ: 6.

ಬೇಲಿಯ ಉದ್ದಕ್ಕೂ ಒಂದು ನಿಟ್ಟುಸಿರು ಸಾಗುತ್ತದೆ. ಯಾರೋ, "ಆರಕ್ಕೂ ಏಳಕ್ಕೂ ಏನು ಮಹಾ, ಮಾರಾಯ್ತಿ?" ಅನ್ನುತ್ತಾರೆ. ಹಿಸ್ಕೆ ಕೇಳಿಸಿಕೊಳ್ಳುವುದಿಲ್ಲ. ಶಾಲೆಯ ಮುಖ್ಯೋಪಾಧ್ಯಾಯಿನಿ ಫಾಮ್ಕೆ ಫೋನು ಮಾಡುತ್ತಾರೆ. ಬಯಲು ತೆರೆದ ದಿನ ಶಾಲೆಗೆ ಐಸ್ ರಜೆ.

"ಹಿಸ್ಕೆ, ಮಕ್ಕಳು ಸ್ಕೇಟು ಬೆನ್ನಿಗೆ ಹಾಕ್ಕೊಂಡೇ ಬಂದಿದಾವೆ. ಲೆಕ್ಕ ಮಾಡ್ಸೋಕಾಗ್ತಿಲ್ಲ. ಏನು ಹೇಳ್ಲಿ?"

"ಲೆಕ್ಕ ಮಾಡ್ಸು. ಒಂಬತ್ತಕ್ಕೆ ಹೇಳ್ತೀನಿ."

"ಈಗಲೇ ಎಬ್ಬಿಸಿ ಕೇಳೋಕಾಗಲ್ವಾ ಅದನ್ನ?"

"ಎಬ್ಬಿಸೋ ಗುಂಡಿ ಇತ್ತು. ಕಿತ್ತು ಹಾಕಿದೀನಿ."

ಯಾಕೆ ಕಿತ್ತಿರಿ ಎಂದು ಫೋನಿಟ್ಟ ಮೇಲೆ, ಕೊಠಡಿಯಲ್ಲಿ ಅವರ ಪಕ್ಕ ನಿಂತ ನಾನು ಕೇಳುತ್ತೇನೆ.

"ಇದ್ರೆ ಮೊದಲು ಒತ್ತೋಳು ನಾನೇ."

ಒಂದು ಗಂಟೆ ಕಾಯಬೇಕು. ಹಿಸ್ಕೆ ಬೇಳೆಯ ಹಾಗೆ ಮಂದವಾದ ಬಟಾಣಿ ಸೂಪನ್ನು ಒಲೆಯ ಮೇಲಿಟ್ಟು ಕದಡುತ್ತಾರೆ. ಸಂಘದ ಸಂದೇಶ ಹೋಗುವ ಫೋನುಗಳ ಪಟ್ಟಿ ಗೋಡೆಗೆ ಅಂಟಿಸಿದೆ. ಇನ್ನೂರ ಹದಿನಾಲ್ಕು ಸಂಖ್ಯೆಗಳು. ಡುರ್ಕ್ ಅವರದೂ ಇದೆ. ಪ್ರತಿ ವರ್ಷ ಪಟ್ಟಿ ಪರಿಷ್ಕರಿಸಬೇಕೆಂದು ನಿಯಮ ಇದೆ, ಹಿಸ್ಕೆ ಸೇರಿಸುತ್ತಾರೆ, ತೆಗೆಯುವುದಿಲ್ಲ.

"ತೆಗೆಯೋಕೆ ಯಾರೂ ಹೇಳಿಲ್ಲ," ಅನ್ನುತ್ತಾರೆ, ಸೂಪು ಕದಡುತ್ತಾ.

ನಮ್ಮ ಮನೆಗೆ ಎರಡು ಸಂದೇಶ ಬರುತ್ತವೆ: ಒಂದು ನನ್ನ ಫೋನಿಗೆ, ಇನ್ನೊಂದು ಆ ಚಳಿಗಾಲದ ನಂತರ ಯಾರೂ ಎತ್ತದ ಫೋನಿಗೆ.

ಹೊರಗೆ ಬೆಳಕಾಗಿದೆ. ಬಯಲು ಕಪ್ಪು ಗಾಜಿನ ಹಾಗೆ ಬಿದ್ದಿದೆ. ಅದರಾಚೆ ಜೊಂಡು, ಜೊಂಡಿನಾಚೆ ಒಡ್ಡು. ಯಾರೂ ಮನೆಗೆ ಹೋಗಿಲ್ಲ. ಹಿಸ್ಕೆ ಪರದೆಗೆ ಬೆನ್ನು ಹಾಕಿ ನಿಂತಿದ್ದಾರೆ. ಗೋಡೆಯ ಗಡಿಯಾರ ಒಂಬತ್ತಾದಾಗಲೂ ತಿರುಗುವುದಿಲ್ಲ.

"ನೀನೇ ನೋಡಿ ಹೇಳು," ಅನ್ನುತ್ತಾರೆ ನನಗೆ.

ಏಳು, ಅನ್ನುತ್ತೇನೆ.

ಅವರು ಸೌಟನ್ನು ಕೆಳಗಿಡುತ್ತಾರೆ. ಐಸ್ ಕೊರೆಯುವ ಕೊರಕ ತೆಗೆದುಕೊಂಡು ಬಯಲಿಗೆ ಇಳಿಯುತ್ತಾರೆ. ಕೋಲಿನ ಹತ್ತಿರ ಅಲ್ಲ. ಜೊಂಡಿನ ಪಕ್ಕ ಒಂದು ತೂತು, ಗೇಟಿನ ಎದುರು ಒಂದು, ದೂರದ ತಿರುವಿನಲ್ಲಿ ಒಂದು. ಮೂರು ಸಲವೂ ಮಂಡಿಯೂರಿ ಅಳತೆ ಕಡ್ಡಿ ಇಳಿಸಿ, ಕನ್ನಡಕ ಹಣೆಗೇರಿಸಿ ನೋಡುತ್ತಾರೆ. ಆಮೇಲೆ ಗೊಸ್ಸೆಯ ಕಡೆ ಕೈ ಬೀಸುತ್ತಾರೆ.

ಗೊಸ್ಸೆ ನಡೆಯುತ್ತಾರೆ. ನಡುಬಯಲಿನಲ್ಲಿ ಐಸ್ ಒಮ್ಮೆ ಗುಂಯ್ ಎಂದು ಉದ್ದಕ್ಕೆ ಹಾಡುತ್ತದೆ, ಜನ ಉಸಿರು ಹಿಡಿಯುತ್ತಾರೆ. ಗೊಸ್ಸೆ ನಿಂತು, ಎರಡೂ ಕಾಲೆತ್ತಿ ಒಮ್ಮೆ ಕುಪ್ಪಳಿಸುತ್ತಾರೆ.

"ನಿನ್ನನ್ನ ತಡ್ಕೊಂಡಿದ್ದು ಆನೇನೂ ತಡ್ಕೊಳ್ಳುತ್ತೆ ಬಾರೋ!" ಎಂದು ಬೇಲಿಯಿಂದ ಯಾರೋ ಕೂಗುತ್ತಾರೆ.

ಹಿಸ್ಕೆ ಕೈಗವಸು ಕಳಚಿ ಫೋನಿನಲ್ಲಿ ಎರಡೇ ಪದ ಒತ್ತುತ್ತಾರೆ: ಐಸ್ ತೆರೆದಿದೆ. ಬೇಲಿಯುದ್ದಕ್ಕೂ ಜೇಬುಗಳು ಸದ್ದು ಮಾಡುತ್ತವೆ. ನನ್ನ ಕೋಟಿನ ಜೇಬಿನಲ್ಲೂ, ಒಂದು. ಐದು ನಿಮಿಷದಲ್ಲಿ ಶಾಲೆಯ ಕಡೆಯಿಂದ ಗಂಟೆಯೂ ಕೂಗೂ ಒಟ್ಟಿಗೆ ಕೇಳಿಬರುತ್ತವೆ.

ಹತ್ತು ಗಂಟೆಗೆ ಬಯಲು ತುಂಬಿದೆ. ಸೂಪಿನ ಪಾತ್ರೆಯನ್ನು ಯಾರೋ ವಹಿಸಿಕೊಂಡಿದ್ದಾರೆ. ಹಿಸ್ಕೆ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಅವರು ಬಯಲಿನ ನಡುವೆ, ಹಗ್ಗ ಕಟ್ಟಿದ ನಾಲ್ಕು ಗೂಟಗಳೊಳಗೆ, ಕೋಲಿನ ಮುಂದೆ ಮಂಡಿಯೂರಿದ್ದಾರೆ. ಮುಖ ಐಸಿಗೆ ತಾಗುವಷ್ಟು ಬಗ್ಗಿ, ಕೋಲಿನ ಸುತ್ತ ಹೆಬ್ಬೆರಳನ್ನು ಒಂದು ಸುತ್ತು ತರುತ್ತಾರೆ. ಇನ್ನೊಂದು ಸುತ್ತು.

"ನೀವು ಸ್ಕೇಟು ಕಟ್ಟಲ್ವಾ?"

"ಕಟ್ತೀನಿ. ಜನ ಊಟಕ್ಕೆ ಹೋದ ಮೇಲೆ ಒಂದು ಸುತ್ತು ಹೋಗ್ತೀನಿ, ಅಷ್ಟು ಹೊತ್ತು ಐಸ್ ನಿಂತ್ರೆ ಸಾಕು. ನೀನು ಇಲ್ಲಿ ಕೈ ಇಡು."

ನಾನು ಕೈಗವಸು ಕಳಚಿ ಇಡುತ್ತೇನೆ. ಎಲ್ಲೂ ನೀರಿಲ್ಲ. ಬಳೆಯಷ್ಟಿರಲಿ, ಕೂದಲೆಳೆಯಷ್ಟೂ ಇಲ್ಲ. ಐಸ್ ಮರವನ್ನು ಅಪ್ಪಿಕೊಂಡು ನಿಂತಿದೆ.

"ನೋಡು," ಅನ್ನುತ್ತಾರೆ ಹಿಸ್ಕೆ ಮೆಲ್ಲಗೆ, ಮಲಗಿದವರನ್ನು ಎಬ್ಬಿಸಬಾರದೆಂಬಂತೆ. "ಜನ ಎಷ್ಟು ಕಾದಿದ್ರು ಅಂತ ಇದಕ್ಕೆ ಗೊತ್ತೇ ಆಗಿಲ್ಲ."