ಕೆಳಮನೆಯ ಸಾಂಬ್ರಾಣಿ

ನಂಜನಗೂಡಿನ ನಮ್ಮ ಅಪಾರ್ಟ್‌ಮೆಂಟ್ ಕಟ್ಟಿಸಿದ ಬಿಲ್ಡರ್ ಕಡೆಯ ಇಂಜಿನಿಯರು ಯಾರ ಮನೆಗೆ ಬಂದರೂ ಮೊದಲು ಬೆರಳು ಮಡಚಿ ಗೋಡೆ ತಟ್ಟುತ್ತಿದ್ದರು. ಆವತ್ತು ಬಾಗಿಲಿನ ಕೀಲು ನೋಡಲು ಬಂದಿದ್ದರು. ಕಾಫಿಗೆ ನೀರಿಡುತ್ತಾ ಅಮ್ಮ ಹೆಮ್ಮೆಯಿಂದ ಹೇಳಿದರು:

"ಕೆಳಗ್‌ಡೆ ಮನೇಲಿ ಬಾಣಂತಿಗೆ ಸಾಂಬ್ರಾಣಿ ಹೊಗೆ ಹಾಕುದ್ರೆ ನಮ್ಮ ಅಡುಗೆಮನೆಯೆಲ್ಲ ಗಮ್ಮಂತದೆ ಕಣಪ್ಪ."

ಇಂಜಿನಿಯರು ಕೀಲನ್ನು ಅಲ್ಲೇ ಬಿಟ್ಟು ಅಡುಗೆಮನೆಗೆ ಧಾವಿಸಿದರು. ಸಿಂಕಿನ ಕೆಳಗೆ ತಲೆ ಹಾಕಿದರು. ಪೈಪು ಇಳಿಯುವ ಕಡೆ ನೆಲದಲ್ಲಿ ಕೈ ತೂರುವಷ್ಟು ಸಂದು.

"ನಾಳೆ ಕೆಳಗೆ ಬೆಂಕಿ ಬಿದ್ರೆ ಇದೇ ದಾರೀಲಿ ಆ ಹೊಗೆನೂ ಬತ್ತದೆ ಕಣವ್ವ. ನಾವೇ ಬಿಟ್ಟಿದ್ದು, ನಾವೇ ಮುಚ್ಚಬೇಕು."

ಕಾಫಿ ಬೇಡವೆಂದು ಎದ್ದುಹೋದರು. ಅದೇ ಮಾತನ್ನು ಆಮೇಲೆ ಪ್ರತಿ ಮನೆಯಲ್ಲೂ ಹೇಳಿದರು; ಫೋನಿನಲ್ಲಿ ಬಿಲ್ಡರಿಗಂತೂ ಜಗಳದ ದನಿಯಲ್ಲೇ ಹೇಳಿದರು.

ಎಲ್ಲ ಅಂತಸ್ತಿನ ಸಂದುಗಳಿಗೂ ಬೆಂಕಿ ತಡೆಯುವ ಗಾರೆ ಮೆತ್ತಿಸಿದರು. ಅದು ಒಣಗಿದ ಮೇಲೆ ಬಾಣಂತಿಯ ತಾಯಿಗೆ ಹೇಳಿ ದಟ್ಟವಾಗಿ ಸಾಂಬ್ರಾಣಿ ಹಾಕಿಸಿ, ಮೇಲೆ ಓಡಿಬಂದು ನಮ್ಮ ಅಡುಗೆಮನೆಯಲ್ಲಿ ಕೈಕಟ್ಟಿ ನಿಂತರು. ಅಮ್ಮ ಬಗ್ಗಿ ಮೂಸಿದರು, ಮತ್ತೊಮ್ಮೆ ಮೂಸಿದರು.

"ಏನೂ ಬತ್ತಾನೇ ಇಲ್ವಲ್ಲಪ್ಪ," ಎಂದರು, ಕೊಂಚ ಬೇಜಾರಿನಲ್ಲೇ.

ಇಂಜಿನಿಯರು ಉಸ್ಸಪ್ಪ ಎಂದು ನೆಲದ ಮೇಲೇ ಕುಳಿತುಬಿಟ್ಟರು.

"ಆವತ್ತು ಬ್ಯಾಡ ಅಂದಿದ್ನಲ್ಲ, ಆ ಕಾಫಿಯ ಈಗ ಕೊಡವ್ವ."