ಮೌಶಿಯ ಎರಡು ಏಕಾದಶಿ

ಹೈದರಾಬಾದಿನ ಮಲ್ಕಾಜ್‌ಗಿರಿ ಸ್ಟೇಷನ್ ಹೊರಗೆ ಸೊಪ್ಪು ಮಾರುವಾಕೆ ಇವತ್ತು ಬೆಳಿಗ್ಗೆ ಅಗಸೆ ಸೊಪ್ಪು ತಂದಿದ್ದಳು. ಒಂದು ಎಲೆ ಹಿಸುಕಿ ಮೂಗಿಗೆ ಹಿಡಿದೆ. ಆ ಹಸಿ ಒಗರು ವಾಸನೆಗೆ ಪದ್ದಮ್ಮ ಮೌಶಿ ನೆನಪಾದರು. ಹಾಗೆಂದು ಅವರೇನೂ ದೂರ ಹೋದವರಲ್ಲ, ನಮ್ಮ ಮನೆಯ ಕೆಳಗಿನ ಅಂತಸ್ತಿನಲ್ಲೇ ಇದ್ದಾರೆ. ನೆನಪಾದದ್ದು ಐದಾರು ವರ್ಷದ ಹಿಂದೆ ಅವರು ಉಣ್ಣುವುದಿಲ್ಲ ಎಂದು ಹಟ ಹಿಡಿದು ಕೂತ ದ್ವಾದಶಿ.

ಮೌಶಿ ನನಗೆ ಸಂಬಂಧಿಯಲ್ಲ, ಮನೆಯ ಒಡತಿ. ಅವರ ಇಬ್ಬರು ಅಕ್ಕಂದಿರ ಮಕ್ಕಳು, ರಘು ಮತ್ತು ಶೀನು, ಮೌಶಿ ಎನ್ನುತ್ತಾರೆಂದು ನಾನೂ ಎನ್ನುತ್ತೇನೆ. ರಘು ಕುಷಾಯಿಗೂಡದಲ್ಲಿ ಇಂಜಿನಿಯರು, ಶೀನು ಕೊಂಡಾಪುರದ ಕಂಪನಿಯೊಂದರಲ್ಲಿ. ಇಬ್ಬರೂ ಸೇರಿ ಭಾನುವಾರಗಳನ್ನು ಖರ್ಚು ಮಾಡಿ ‘ಗಳಿಗೆ’ ಎಂಬ ಪಂಚಾಂಗದ ಆ್ಯಪ್ ಬರೆದಿದ್ದರು. ಅದು ಮುಕ್ತ ತಂತ್ರಾಂಶ: ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಒಯ್ಯಬಹುದು.

ಜಗಳ ಬಂದದ್ದು ಜಾಗಟೆಯಿಂದ. ಏಕಾದಶಿಯ ಹಿಂದಿನ ದಿನ ಫೋನಿನಲ್ಲಿ ಜಾಗಟೆ ಬಾರಿಸಬೇಕೆಂದು ಶೀನು.

“ಪಂಚಾಂಗಕ್ಕ ಜಾಗಟಿ ಯಾಕೋ? ನಾಳೆ ಆರತಿ ತಟ್ಟೀನೂ ಇಡ್ತಿ.”

“ನಿನ್ನ ಪಂಚಾಂಗ ನೋಡಿದ್ರ ಕರೆಂಟ್ ಬಿಲ್ ನೋಡಿಧಂಗ ಆಗ್ತದ, ರಘಣ್ಣ.”

ಅಷ್ಟಕ್ಕೇ ಶೀನು ಇಡೀ ಆ್ಯಪನ್ನು ನಕಲು ಮಾಡಿಕೊಂಡು ಬೇರೆ ಹೋದ. ‘ಹೊಸ ಗಳಿಗೆ’ ಹುಟ್ಟಿತು. ಮನೆ ಪಾಲಾದರೆ ನಡುವೆ ಗೋಡೆ ಏಳುತ್ತದೆ, ಹಿತ್ತಲು ಒಬ್ಬರಿಗೆ, ಪಡಸಾಲೆ ಒಬ್ಬರಿಗೆ. ಈ ಪಾಲಿನಲ್ಲಿ ಹಾಗಿಲ್ಲ. ಇಡೀ ಮನೆ ಇಬ್ಬರಿಗೂ. ತೊಲೆಯೊಳಗಿನ ಗೆದ್ದಲೂ ಇಬ್ಬರಿಗೂ.

ಮೌಶಿಗೆ ಇಬ್ಬರೂ ಬೇಕು. ಒಂದೇ ಫೋನಿನಲ್ಲಿ ಎರಡೂ ಹಾಕಿಸಿಕೊಂಡರು. ನಾನೂ ಹಾಕಿಕೊಂಡೆ. ಮೂವತ್ತು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತವನಿಗೆ ಎರಡೂ ಕಡೆಯ ಹೇಳಿಕೆ ಇಲ್ಲದೆ ಏಕಾದಶಿಯನ್ನೂ ನಂಬಲಾಗುವುದಿಲ್ಲ.

ವರ್ಷ ತುಂಬುವುದರೊಳಗೆ ಎರಡು ಹೇಳಿಕೆಗಳೂ ಬಂದವು. ರಘುವಿನ ಗಳಿಗೆ ಉಪವಾಸ ಮಂಗಳವಾರ ಎಂದಿತು, ಶೀನುವಿನದು ಬುಧವಾರ. ಮೌಶಿ ಎರಡೂ ದಿನ ನೀರು ಸಹ ಮುಟ್ಟಲಿಲ್ಲ. ಸಕ್ಕರೆ ಕಾಯಿಲೆಯ ಗುಳಿಗೆ ನುಂಗುವ ಹೆಂಗಸು.

“ಎರಡು ದಿನ ಯಾಕ್ರಿ ಮೌಶಿ?” ಎಂದೆ.

“ಒಂದು ಸುಳ್ಳಾದ್ರೂ ಇನ್ನೊಂದು ಖರೆ ಆಗ್ತದಲ್ರೀ. ಇಬ್ರೊಳಗ ಯಾರ ಹೆಸರು ಕೆಡಸಲಿ?”

ಗುರುವಾರ ಏಳೂ ಹತ್ತಕ್ಕೆ ಅವರು ಅಡಿಗೆಮನೆಯಲ್ಲಿ ತಲೆ ತಿರುಗಿ ಕೂತುಬಿಟ್ಟರು. ಎದುರು ಮನೆಯ ಡಾಕ್ಟರು ಬಂದು ಮೊದಲು ಏನಾದರೂ ತಿನ್ನಿ ಎಂದರು. ಏಳೂ ಐವತ್ತಕ್ಕೆ ರಘು, ಎಂಟೂವರೆಗೆ ಕೊಂಡಾಪುರದ ಟ್ರಾಫಿಕ್ಕನ್ನು ಬೈಯುತ್ತ ಶೀನು. ಎಲೆಯ ಮೇಲೆ ಅನ್ನ, ಉಪವಾಸ ಮುರಿಯುವ ಪಾರಣೆಗೆ ಬೇಕೇ ಬೇಕಾದ ಅಗಸೆ ಸೊಪ್ಪಿನ ಪಲ್ಯ. ಮೌಶಿ ಕೈ ಚಾಚಲಿಲ್ಲ.

“ನಿಮ್ಮಿಬ್ರ ಗಳಿಗಿ ಒಂದಾಗೂತನಕ ನಾ ಪಾರಣಿ ಮಾಡೂದಿಲ್ಲ.”

“ಮೌಶಿ, ಶುಗರ್ ಇಳದದ!” ಎಂದ ರಘು.

“ಅದಕ್ಕs ಲಗೂ ಮಾಡ್ರಿ.”

ಇಬ್ಬರೂ ಲ್ಯಾಪ್‌ಟಾಪ್ ತೆರೆದು ಬೆನ್ನಿಗೆ ಬೆನ್ನು ಹಚ್ಚಿ ಕೂತರು. ದಶಮಿ ಅರುಣೋದಯಕ್ಕೆ ಮೊದಲೇ ಮುಗಿಯಿತೋ, ಆಮೇಲೋ ಎಂಬುದರ ಮೇಲೆ ಉಪವಾಸದ ದಿನ ನಿಲ್ಲುತ್ತದೆ. ರಘುವಿನ ಆ್ಯಪಿನಲ್ಲಿ ಸೂರ್ಯ ನಾಲ್ಕೈದು ನಿಮಿಷ ತಡವಾಗಿ ಏಳುತ್ತಿದ್ದ, ಅವನ ಜೊತೆ ಅರುಣೋದಯವೂ ತಡ; ಅಷ್ಟರಲ್ಲಿ ದಶಮಿ ಮುಗಿದಿರುತ್ತಿತ್ತು. ಹುಡುಕುತ್ತ ಹೋದಂತೆ ಕಾರಣ ಸಿಕ್ಕಿತು: ಊರಿನ ಜಾಗದಲ್ಲಿ ಹೈದರಾಬಾದು ಇರಲಿಲ್ಲ, ರಾಯಚೂರು ಇತ್ತು.

“ನಾ ಇದನ್ನ ನನ್ನದರಾಗ ಹೋದ ತಿಂಗಳೇ ತಿದ್ದೀನಿ,” ಎಂದ ಶೀನು.

“ನನಗ್ಯಾಕ ಹೇಳಲಿಲ್ಲೋ?”

“ನೀ ನನ್ನ ಫೋನ್ ಎತ್ತತಿದ್ದೇನು?”

ಪಾಲಾಗುವ ಮೊದಲಿನ ತಪ್ಪು ಅದು. ಇಂಥ ತಂತ್ರಾಂಶದ ಒಂದು ಗುಣ ನನಗೆ ಭಾಳ ಹಿಡಿಸುತ್ತದೆ: ಯಾವ ಸಾಲು ಯಾರು ಬರೆದರೆಂಬ ದಾಖಲೆ ಅಳಿಯುವುದಿಲ್ಲ. ತೆಗೆದು ನೋಡಿದರು. ಬರೆದವನು ಶೀನು. ಪರೀಕ್ಷಿಸಿ ಸರಿ ಎಂದವನು ರಘು. ಪರೀಕ್ಷಿಸಿದ್ದು ಮೌಶಿ ಊರಿಂದ ತರಿಸುತ್ತಿದ್ದ ಅಚ್ಚಿನ ಪಂಚಾಂಗವನ್ನು ಎದುರಿಟ್ಟುಕೊಂಡು. ಅದೂ ರಾಯಚೂರಿನ ಲೆಕ್ಕದ್ದು. ತಾಳೆಯಾಗದೆ ಏನು? ಇನ್ನೂ ಒಂದು ಉಳಿದಿತ್ತು. ಆ ಸಾಲಿನ ಪಕ್ಕ ಶೀನು ಒಂದು ಟಿಪ್ಪಣಿ ಬರೆದಿದ್ದ: ‘ಊರು: ಮೌಶಿಯನ್ನು ಕೇಳಿ ಹಾಕಿದ್ದು.’

ಮೂವರೂ ಮೌಶಿಯ ಮುಖ ನೋಡಿದೆವು.

“ಊರು ಯಾವುದಂತ ಕೇಳಿದ್ರಿ,” ಎಂದರು ಅವರು, ಸಣ್ಣಗೆ. “ಊರಂದ್ರ ರಾಯಚೂರಲ್ಲೇನು?”

ನಲವತ್ತು ವರ್ಷದಿಂದ ಹೈದರಾಬಾದಿನಲ್ಲಿ ಹಾಲು ಕಾಸಿದ ಹೆಂಗಸಿಗೆ ದಿನಾ ಸೂರ್ಯ ಮಾತ್ರ ರಾಯಚೂರಿನಲ್ಲೇ ಹುಟ್ಟುತ್ತಿದ್ದ. ಯಾರೂ ನಗಲಿಲ್ಲ. ನಾನಂತೂ ನಗುವ ಸ್ಥಿತಿಯಲ್ಲಿರಲಿಲ್ಲ, ಏಕೆಂದರೆ ನಮ್ಮ ಪತ್ರಿಕೆಯಲ್ಲಿ ‘ಇಂದಿನ ಸೂರ್ಯೋದಯ’ ಎಂದು ಹೈದರಾಬಾದಿನ ಓದುಗರಿಗೆ ನಾನು ಕೊಡುತ್ತಿದ್ದ ವೇಳೆಯೂ ಆ ಆ್ಯಪಿನದೇ. ಒಬ್ಬ ಓದುಗನೂ ಒಂದು ಪತ್ರ ಬರೆದಿರಲಿಲ್ಲ.

ರಘು ಒಂದು ಸಾಲು ತಿದ್ದಿದ. ಒಂಬತ್ತೂ ಇಪ್ಪತ್ತಕ್ಕೆ ಎರಡು ಆ್ಯಪೂ ಒಂದೇ ದಿನ, ಬುಧವಾರ, ತೋರಿಸಿದವು. ಇನ್ನು ಕೂಡಿ ಬಾಳಿರಪ್ಪ ಎಂದು ನಾನು ಉಪದೇಶಕ್ಕೆ ಬಾಯಿ ತೆರೆದೆ. ಮೌಶಿ ತಡೆದರು.

“ಕೂಡೂದೇನು ಬ್ಯಾಡ್ರಿ, ಮತ್ತ ಜಗಳಾಡ್ತಾರ. ಜಾಗಟಿ ನಿಮ್ಮ ನಿಮ್ಮದು ಇರ್ಲಿ. ಸೂರ್ಯ ಮಾತ್ರ ಇಬ್ರಿಗೂ ಒಬ್ಬನೇ. ಅವನ ಲೆಕ್ಕ ಒಂದೇ ಕಡೆ ಇಡ್ರಿ. ಒಬ್ಬಂವಗ ತಪ್ಪು ಕಂಡ್ರ ಇನ್ನೊಬ್ಬಂವಗ ಹೇಳ್ಬೇಕು. ದ್ವಾದಶಿಗೆ ಇಬ್ರೂ ಇಲ್ಲಿಗೆ ಬಂದು ಹೊಂದಸಿ ನೋಡ್ರಿ, ಆಮ್ಯಾಲ ನಾ ಉಣ್ತೀನಿ,” ಎಂದು ಎಲೆಗೆ ಕೈ ಹಾಕಿದರು.

ಅವತ್ತಿನಿಂದ ಅದೇ ಪದ್ಧತಿ. ಸೂರ್ಯನ ಲೆಕ್ಕದ ಭಾಗವನ್ನು ಇಬ್ಬರೂ ಒಂದೇ ಕಡೆಯಿಂದ ತೆಗೆದುಕೊಳ್ಳುತ್ತಾರೆ. ಉಳಿದದ್ದೆಲ್ಲ ಬೇರೆ ಬೇರೆ. ಮುದುಕಿಯ ಹಸಿವನ್ನು ಎದುರಿಗಿಟ್ಟುಕೊಂಡು ಯಾರೂ ಪ್ರತಿಷ್ಠೆಗೆ ಹೆಚ್ಚು ಹೊತ್ತು ಕೊಡುವುದಿಲ್ಲ.

ಇವತ್ತೂ ದ್ವಾದಶಿ. ಈ ಬೆಳಿಗ್ಗೆ ನಾನು ಸೊಪ್ಪು ತಂದು ಕೊಟ್ಟಾಗಲೂ ಇಬ್ಬರೂ ಅಲ್ಲೇ ಇದ್ದರು. ರಘುವಿನ ಆ್ಯಪಿಗೆ ಈಗ ಶಂಖ ಬಂದಿದೆ, ಆ ಬಗ್ಗೆ ಶೀನು ನಾಲ್ಕು ಮಾತು ಆಡುತ್ತಿದ್ದ. ಪಲ್ಯವಾಯಿತು, ಎಲೆ ಹಾಕಿದ್ದಾಯಿತು. ಮೌಶಿಯ ಕಣ್ಣು ಮಂದವಾಗಿರುವುದರಿಂದ ಸಾಕ್ಷಿ ಈಗ ನಾನೇ.

“ಎರಡೂ ಒಂದೇ ಹೇಳ್ತಾವೇನ್ರಿ?”

“ಒಂದೇ ರೀ ಮೌಶಿ.”

“ಊರು?”

“ಹೈದರಾಬಾದು.”

ಅವರು ತುತ್ತು ಕಲಸಿದರು. “ಆಗ್ಲಿ,” ಎಂದರು, “ಹಸಿವು ಇಲ್ಲೇ ಆಗ್ತದಲ್ಲ.” ತುತ್ತು ಬಾಯಿಗಿಟ್ಟರು.