ಜ್ವರಕ್ಕೆ ಕೂತ ಮೀನುಗಳು

ರಾಮನಗರದವರು ದುಡ್ಡು ಕೊಟ್ಟು ಕಲ್ಲು ತರುವುದೆಂದರೆ ಆಲೆಮನೆಯವರು ಪಕ್ಕದ ಮನೆಗೆ ಬೆಲ್ಲ ಕೇಳಲು ಹೋದಂತೆ. ನಮ್ಮ ಅಡುಗೆಮನೆಯ ಕಿಟಕಿ ತೆಗೆದರೆ ಬಂಡೆ, ಬಚ್ಚಲಿನ ಕಿಟಕಿ ತೆಗೆದರೆ ಬಂಡೆ. ಬೆಳಗ್ಗೆ ಸೂರ್ಯನೂ ಬಂಡೆ ಹತ್ತಿ ಏದುಸಿರು ಬಿಟ್ಟುಕೊಂಡೇ ನಮಗೆ ಮುಖ ತೋರಿಸುತ್ತಾನೆ. ಹೀಗಿರುವಾಗ ಅಕ್ವೇರಿಯಂ ಅಂಗಡಿಯ ಇಮ್ತಿಯಾಜ್, ಗುಲಾಬಿ ಬಣ್ಣ ಬಳಿದ ಜಲ್ಲಿಯ ಪೊಟ್ಟಣವನ್ನು ನನ್ನ ಮುಂದಿಟ್ಟರೆ ಹೇಗಾಗಬೇಡ? "ಕಲ್ಲು ನಮ್ಮದೇ ಇದೆ," ಎಂದು ಬೆಟ್ಟವನ್ನೆಲ್ಲ ಬಳುವಳಿಯಾಗಿ ಪಡೆದವಳ ಗತ್ತಿನಲ್ಲಿ ಹೇಳಿ, ಗಾಜಿನ ತೊಟ್ಟಿಯನ್ನೂ ಗಾಳಿಯೂದುವ ಪಂಪನ್ನೂ ಮಾತ್ರ ಆಟೋಗೆ ಹೇರಿಕೊಂಡು ಬಂದೆ. ಆ ಸಂಜೆ ಬಕೆಟ್ಟು ಹಿಡಿದು ಬೆಟ್ಟದ ಬುಡದಲ್ಲಿ ನುರುಜುಗಲ್ಲು ಆಯುತ್ತಿದ್ದ ಹೈಸ್ಕೂಲು ವಿಜ್ಞಾನದ ಮೇಷ್ಟ್ರಮ್ಮನನ್ನು ಕಂಡು ನನ್ನ ಶಿಷ್ಯೆಯೊಬ್ಬಳ ತಾಯಿ, ಪಾಪ, ಏನೂ ಕೇಳದೆ ದಾರಿ ಬದಲಿಸಿದರು.

ಈ ಹುಚ್ಚು ನನಗೆ ಹತ್ತಿದ್ದು ನಮ್ಮತ್ತೆಯ ಕಣ್ಣಿನಿಂದ. ಕನಕಪುರದಾಚೆಯ ಹಳ್ಳಿಯಲ್ಲಿ ಮೈದುನನ ಜೊತೆಗಿರುವ ಅವರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ನಮ್ಮಲ್ಲಿಗೆ ಬಂದಿದ್ದರು. ಪಟ್ಟಿ ಬಿಚ್ಚಿಸಿಕೊಂಡು ಹೊರಬಂದವರು ನನ್ನ ಮುಖವನ್ನು ನೋಡುವ ಮೊದಲು ನೋಡಿದ್ದು ಡಾಕ್ಟರ ಹಜಾರದಲ್ಲಿದ್ದ ಮೀನಿನ ತೊಟ್ಟಿಯನ್ನು. "ಅಯ್ಯೋ, ಎಷ್ಟ್ ಕೆಂಪುಗವೆ ನೋಡವ್ವ!" ಎಂದು ಗಾಜಿಗೆ ಮೂಗೊತ್ತಿ ನಿಂತ ಅವರನ್ನು ಅಲ್ಲಿಂದ ಬಿಡಿಸಿ ತರುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಮನೆಗೆ ಬಂದ ಮೇಲೆ ಮಾತ್ರ, "ಕಣ್ ಬಂತಲ್ಲ, ಬರೋ ಬಾನ್ವಾರ ಊರ್ಗ್ ಹೊಂಟೆ ಕಣವ್ವ. ಕೈಗ್ ಕೆಲ್ಸ ಇಲ್ದೆ ಕುಂತ್ರೆ ಮುದ್ದೆ ಗಂಟ್ಲಲ್ ಇಳಿಯಾಕಿಲ್ಲ," ಎಂದುಬಿಟ್ಟರು.

ಅತ್ತೆ ಊರಿಗೆ ಹೊರಟರೆ ಸೊಸೆ ಬುತ್ತಿ ಕಟ್ಟಿ, ಬಸ್ಸಿಗೂ ಕೈ ಅಡ್ಡ ಹಿಡಿಯುತ್ತಾಳೆಂಬುದು ಲೋಕದ ಮಾತು. ನನ್ನದು ತಿರುಗುಮುರುಗು. ನಮ್ಮ ಯಜಮಾನರು ಮಾತನ್ನು ಹಬ್ಬಕ್ಕೊಮ್ಮೆ ಪೆಟ್ಟಿಗೆಯಿಂದ ತೆಗೆಯುವ ಜರತಾರಿ ಪಂಚೆಯೆಂದು ತಿಳಿದವರು. ಅತ್ತೆ ಬಂದ ಮೇಲೆಯೇ ನಮ್ಮ ಮನೆಗೆ ಬಾಯಿ ಬಂದದ್ದು. ಅವರು ಕುಕ್ಕರನ್ನೂ ಬಯ್ಯುತ್ತಾರೆ, ಕಾಗೆಗೂ ಬುದ್ಧಿ ಹೇಳುತ್ತಾರೆ, ನಾನು ಶಾಲೆಯಿಂದ ಬಂದ ಕೂಡಲೇ ಬೀದಿಯ ಸಮಾಚಾರವನ್ನೆಲ್ಲ ಬಿಸಿಬಿಸಿಯಾಗಿ ಬಡಿಸುತ್ತಾರೆ. ಅವರು ಹೋಗುವುದು ನನಗೆ ಬೇಡವಾಗಿತ್ತು. ಆದರೆ "ಇರಿ" ಎಂದರೆ ಉಪಚಾರದ ಮಾತೆಂದು ತಳ್ಳಿಹಾಕುತ್ತಿದ್ದರು. ಕೈಗೆ ಕೆಲಸ ತಾನೇ ಬೇಕಾದದ್ದು? ಭಾನುವಾರದೊಳಗೆ ಒಂದು ಕೆಲಸ ಹುಟ್ಟಿಸಬೇಕೆಂದು ಹೊರಟವಳಿಗೆ ಈ ತೊಟ್ಟಿ ಹೊಳೆಯಿತು.

ಮಿತ್ರರೇ, ಬರಿಯ ನೀರು ತುಂಬಿದ ಗಾಜಿನ ಪೆಟ್ಟಿಗೆಯ ಮುಂದೆ ನೀವೆಂದಾದರೂ ಒಂದು ದಿನ ಪೂರ್ತಿ ಕಾದಿದ್ದೀರಾ? ನಲ್ಲಿಯ ನೀರಿನ ಕ್ಲೋರಿನ್ ಹಾರಿಹೋಗಲೆಂದು ಇಮ್ತಿಯಾಜ್ ಹಾಗೆ ಕಾಯಿಸಿದ್ದ. ಬೇಸರ ಕಳೆಯಲೆಂದು ಷೋಕೇಸಿನಲ್ಲಿದ್ದ ಚನ್ನಪಟ್ಟಣದ ಅರಗಿನ ಬಣ್ಣದ ಆನೆಯನ್ನು ಕಲ್ಲಿನ ಮೇಲೆ ನಿಲ್ಲಿಸಿದೆ. ಮರದ ಆನೆಯಲ್ಲವೇ, ಕೈಬಿಟ್ಟ ಕೂಡಲೇ ಮೇಲೆದ್ದು ಅಂಗಾತ ತೇಲತೊಡಗಿತು. ಮಾರನೆಯ ದಿನ ಮೀನು ಬಂದವು. ನೀರಿಗೆ ನೀರು ಹೊಂದಿಕೊಳ್ಳಲೆಂದು ಚೀಲದ ಸಮೇತ ತೇಲಿಬಿಟ್ಟು, ಆಮೇಲೆ ಬಾಯಿ ಬಿಚ್ಚಿದಾಗ, ಕೇಸರಿ ಬಣ್ಣದ ಆ ಪುಟ್ಟ ಜೀವಗಳು ಲಂಗ ನೆರಿಗೆ ಹರಡಿಕೊಂಡು ಒಂದೊಂದಾಗಿ ಇಳಿದವು. ನಾನು ಚಪ್ಪಾಳೆ ತಟ್ಟಿದೆ. ಅತ್ತೆ ನಟಿಕೆ ಮುರಿದು ದೃಷ್ಟಿ ತೆಗೆದರು. ಯಜಮಾನರು "ಆಹಾ" ಎಂದರು. ಅದೊಂದು ಭಾಷಣವೆಂದೇ ನಾವು ತಿಳಿದೆವು.

ನಾನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಸಂಗತಿಯೊಂದಿತ್ತು. ಅತ್ತೆ ಬಾಳಿನುದ್ದಕ್ಕೂ ಸಾಕಿದ್ದು ರೇಷ್ಮೆ ಹುಳು. ಮೈದುನ ಹಾರೋಹಳ್ಳಿಯ ಫ್ಯಾಕ್ಟರಿ ಸೇರಿದ ಮೇಲೆ ಊರಿನ ಹುಳದ ಮನೆಗೆ ಬೀಗ ಬಿದ್ದಿತ್ತು. ಆ ಹುಳದ ಮನೆ ಈಗ ಕಾಯಿದೆ ಕಾನೂನುಗಳ ಸಮೇತ ನನ್ನ ಹಜಾರದಲ್ಲಿ ಬಾಗಿಲು ತೆರೆಯಿತು. ಇರುವೆ ಹತ್ತದಂತೆ ಮೇಜಿನ ಕಾಲುಗಳ ಕೆಳಗೆ ನೀರಿನ ಬಟ್ಟಲು ಬಂದವು. ಮೇಲೂ ನೀರು, ಕೆಳಗೂ ನೀರು, ನಡುವೆ ಮೇಜೊಂದು ದ್ವೀಪ. ಊದುಬತ್ತಿ ದೇವರ ಮನೆಯ ಹೊಸಲು ದಾಟುವಂತಿಲ್ಲ, ಸೊಳ್ಳೆಬತ್ತಿ ಹಚ್ಚುವಂತಿಲ್ಲ, ಹೊರಗಿನಿಂದ ಬಂದವರು ಕಾಲು ತೊಳೆಯದೆ ಹತ್ತಿರ ಸುಳಿಯುವಂತಿಲ್ಲ. ಇದೆಲ್ಲ ಒಳ್ಳೆಯದೇ. ತೊಡಕಾದದ್ದು ಮೇವಿನಲ್ಲಿ.

"ಮೇಡಂ, ಮೀನು ಉಪವಾಸದಿಂದ ಸಾಯೋದು ಕಮ್ಮಿ, ಪ್ರೀತಿಯಿಂದ ಸಾಯೋದೇ ಜಾಸ್ತಿ. ಎರಡು ನಿಮಿಷದಲ್ಲಿ ತಿಂದು ಮುಗಿಸೋಷ್ಟು, ಒಂದು ಚಿಟಿಕೆ," ಎಂದು ಇಮ್ತಿಯಾಜ್ ಎಚ್ಚರಿಸಿದ್ದ. ಹುಳುವಿಗೆ ಹೊರೆಗಟ್ಟಲೆ ಸೊಪ್ಪು ಸುರಿದ ಕೈಗೆ ಚಿಟಿಕೆಯೆಂಬುದು ಅವಮಾನವಲ್ಲವೇ? "ನಾವೇನ್ ದೇವ್ರಿಗೆ ಅಕ್ಷತೆ ಹಾಕ್ತಿದೀವೇನವ್ವ?" ಎಂದು ಅತ್ತೆ ಧಾರಾಳವಾಗಿ ಹಾಕಿದರು. ಅವರು ಬಚ್ಚಲಿಗೆ ಹೋದಾಗ ನಾನೂ ಹಾಕಿದೆ, ಮೇವು ಉದುರಿದೊಡನೆ ನುಗ್ಗಿ ಬರುವ ಆ ಬಾಯಿಗಳನ್ನು ನೋಡುವ ಆಸೆಗೆ. ಯಜಮಾನರಂತೂ ಪೇಪರು ಓದುವ ನೆಪದಲ್ಲಿ ಅಲ್ಲಿ ಕುಳಿತು, ಮೀನಿಗೆ ಮೇವಿನ ಜೊತೆ ಕ್ರಿಕೆಟ್ ಸ್ಕೋರನ್ನೂ ಕೊಡುತ್ತಿದ್ದುದು ಬಾಗಿಲ ಸಂದಿಯಿಂದ ನನಗೆ ಕೇಳಿಸಿತು. ನಮ್ಮನ್ನು ಕಂಡು ಓಡಿಬರುವ ಹಸಿವೊಂದು ಮನೆಯಲ್ಲಿದ್ದರೆ ಎಂಥವರೂ ದೊಡ್ಡ ಮನುಷ್ಯರಾಗಿಬಿಡುತ್ತಾರೆ. ಉಣಿಸುವುದರಲ್ಲಿ ಉಣ್ಣುವವರ ಸುಖ ಎಷ್ಟು, ಉಣಿಸುವವರ ಸುಖ ಎಷ್ಟು ಎಂದು ತೂಗಿ ನೋಡುವ ತಕ್ಕಡಿಯನ್ನು ಇನ್ನೂ ಯಾರೂ ಮಾಡಿಲ್ಲ.

ಶುಕ್ರವಾರ ಬೆಳಗ್ಗೆ ನೋಡಿದರೆ ತೊಟ್ಟಿಯ ನೀರು ಅಕ್ಕಿ ತೊಳೆದ ನೀರಾಗಿತ್ತು. ಮೀನುಗಳೆಲ್ಲ ಮೇಲಕ್ಕೆ ಬಂದು, ಬಾಯಿ ಮೇಲೆ ಮಾಡಿ, ಅಲುಗದೆ ನಿಂತಿದ್ದವು. ಇವು ಸತ್ತರೆ ಅತ್ತೆ ತಮ್ಮ ಕೈಗುಣವನ್ನೇ ಹಳಿದುಕೊಂಡು, ನಾಡಿದ್ದು ಭಾರವಾದ ಮನಸ್ಸಿನಿಂದ ಹೊರಡುತ್ತಾರೆ. ಮತ್ತೆ ನಮ್ಮ ಮನೆಯಲ್ಲಿ ನಿಲ್ಲಲಿಕ್ಕಿಲ್ಲ ಎನಿಸಿ ಅಳುವೇ ಬಂದಿತು.

ಅತ್ತೆ ಬಂದರು, ಬಗ್ಗಿ ನೋಡಿದರು, ಮುಖವರಳಿಸಿದರು. "ಜ್ವರಕ್ ಕೂತವೆ ಕಣವ್ವ! ತಲೆ ಎತ್ಕಂಡ್ ಕುಂತಿರಾದ್ ನೋಡು. ಇನ್ ಯಾರೂ ಮೇವ್ ಹಾಕ್ಕೂಡ್ದು!"

ರೇಷ್ಮೆ ಹುಳು ಬೆಳೆಯುವಾಗ ಹಳೆಯ ಚರ್ಮ ಬಿಗಿಯಾಗುತ್ತದೆ. ಆಗ ಅದು ಮೇವು ಬಿಟ್ಟು, ತಲೆಯೆತ್ತಿ, ತಪಸ್ಸಿಗೆ ಕುಳಿತಂತೆ ಕುಳಿತು, ಚರ್ಮ ಕಳಚಿ ಹೊಸದಾಗಿ ಏಳುತ್ತದೆ. ಅದಕ್ಕೆ ನಮ್ಮ ಕಡೆ ಜ್ವರವೆನ್ನುತ್ತಾರೆ; ಗೂಡು ಕಟ್ಟುವ ಮೊದಲು ಹುಳುವಿಗೆ ಇಂಥ ನಾಲ್ಕು ಜ್ವರ. ಮೀನಿಗೆ ಅಂಥ ಯಾವ ಜ್ವರವೂ ಇಲ್ಲ. ಇವು ಕೊಳೆತ ಮೇವಿನ ನೀರಿನಲ್ಲಿ ಉಸಿರು ಸಿಗದೆ ಒದ್ದಾಡುತ್ತಿದ್ದವು. ಆದರೆ ಮೇವು ನಿಲ್ಲಿಸಬೇಕೆಂಬ ಅತ್ತೆಯ ತೀರ್ಪು ಅಕ್ಷರಶಃ ಸರಿಯಾಗಿತ್ತು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಅವರು, "ಒಸಿ ಸುಣ್ಣ ಉದುರ್ಸ್‌ಬುಟ್ರೆ ಸರೋಯ್ತದೆ," ಎಂದು ಅಡುಗೆಮನೆಗೆ ನಡೆದರು. ಜ್ವರಕ್ಕೆ ಕೂತ ಹುಳುವಿನ ಮೇಲೆ ಸುಣ್ಣದ ಪುಡಿ ಉದುರಿಸುವುದು ಪದ್ಧತಿ.

ನಾನು ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತೆ. "ಅತ್ತೆ, ಬೇಡಿ! ಹುಳ ತಟ್ಟೆ ಮೇಲಿರ್ತದೆ, ಗಾಳಿ ಉಸಿರಾಡ್ತದೆ. ಇವು ನೀರನ್ನೇ ಉಸಿರಾಡೋದು. ಸುಣ್ಣ ಬಿದ್ರೆ ಒಳಗೆಲ್ಲ ಬೆಂದೋಗ್ತವೆ."

ಅತ್ತೆ ಸುಣ್ಣದ ಡಬ್ಬಿ ಹಿಡಿದು ನಿಂತು ಯೋಚಿಸಿದರು. "ಅದೂ ದಿಟ್ವೇಯ," ಎಂದು ಡಬ್ಬಿಯನ್ನು ಗೂಡಿಗೆ ಸೇರಿಸಿದರು. ನಾನು ಇಮ್ತಿಯಾಜ್‌ಗೆ ಫೋನು ಹಚ್ಚಿದೆ. ಮೇವು ಬಂದ್ ಮಾಡಿ, ಪೈಪಿನಿಂದ ತಳದ ಕೊಳೆಯನ್ನೆಳೆದು ಮೂರರಲ್ಲೊಂದು ಪಾಲು ನೀರು ತೆಗೆಯಿರಿ, ಹಿಡಿದಿಟ್ಟು ಹಳತಾದ ನೀರು ತುಂಬಿ, ಪೂರ್ತಿ ಬದಲಿಸಬೇಡಿ, ಪಂಪು ನಿಲ್ಲಿಸಬೇಡಿ ಎಂದ. ಅದನ್ನು ಹೇಳಿದರೆ ಅತ್ತೆ, "ಹಾಸ್ಗೆ ತೆಗ್ಯೋದು ಅನ್ನು!" ಎಂದು ಸೆರಗು ಸಿಕ್ಕಿಸಿದರು. ಹುಳುವಿನ ಕೆಳಗಿನ ಹಿಕ್ಕೆ, ಒಣಗಿದ ಸೊಪ್ಪು ತೆಗೆಯುವುದು ಅವರಿಗೆ ಗೊತ್ತಿಲ್ಲದ ವಿದ್ಯೆಯೇ? ಎರಡು ದಿನವೂ ನಾವಿಬ್ಬರೂ ಕೊಳೆ ಎಳೆದೆವು, ನೀರು ಹೊತ್ತೆವು, ಸೀರೆ ಒದ್ದೆ ಮಾಡಿಕೊಂಡೆವು, ಜಾರಿ ಬಿದ್ದೆವು, ಬಿದ್ದಲ್ಲೇ ಕುಳಿತು ನಕ್ಕೆವು.

ಭಾನುವಾರ ಬೆಳಗ್ಗೆ ನೀರು ತಿಳಿಯಾಗಿ, ಮೀನುಗಳು ನನ್ನೂರಿನ ಕಲ್ಲುಗಳ ನಡುವೆ ಅಟ್ಟಾಡುತ್ತಿದ್ದವು. ಅತ್ತೆ ಚಿಟಿಕೆಯಷ್ಟೇ ಮೇವು ಹಾಕಿ, "ಜ್ವರ ಎದ್ದವೆ," ಎಂದರು. ನಾನು ಹಿಗ್ಗಿ ಕುಣಿಯಬೇಕಿತ್ತು. ಆದರೆ ಅತ್ತೆಯ ಚೀಲ ಬಾಗಿಲ ಬಳಿ ಕುಳಿತಿತ್ತು. ಮೀನು ಬದುಕಿದವು, ಇನ್ನು ಅವರು ನೆಮ್ಮದಿಯಾಗಿ ಹೋಗಬಹುದು. ಸಂಕಟವಾದರೂ ಸಂತೋಷವಾದರೂ ಬಸ್ಸು ಕನಕಪುರಕ್ಕೇ.

ಬಸ್ಸಿನ ಬದಲು ಬೈಕಿನಲ್ಲಿ ಮೈದುನ ಬಂದ. "ನಡಿಯವ್ವ, ಬಿಸ್ಲಾಯ್ತದೆ," ಎಂದು ಚೀಲಕ್ಕೆ ಕೈ ಹಾಕಿದ.

"ಎಲ್ಲಿಗ್ಲಾ?" ಎಂದರು ಅತ್ತೆ, ತೊಟ್ಟಿಯಿಂದ ಕಣ್ಣು ಕೀಳದೆ. "ಇವು ಈಗಿನ್ನ ಒಂದ್ನೇ ಜ್ವರ ಎದ್ದವೆ. ಇನ್ನೂ ಮೂರ್ ಜ್ವರ ಐತೆ. ನಡ್ಮದ್ಯ ಬುಟ್ಬುಟ್ಟು ಬರಕಾದದಾ?"

ಹುಳದ ಮನೆಯಲ್ಲೇ ಬೆಳೆದ ಮೈದುನ ಮೀನನ್ನು ನೋಡಿದ, ತಾಯಿಯನ್ನು ನೋಡಿದ, ಕೊನೆಗೆ ನನ್ನ ಕಡೆ ತಿರುಗಿದ. "ಅತ್ಗೆ, ನೀವ್ ಸೈನ್ಸ್ ಟೀಚ್ರು, ನೀವೇ ಯೋಳಿ. ಮೀನ್ಗೂ ನಾಕ್ ಜ್ವರ ಬತ್ತದಾ?"

ಅತ್ತೆ ಮೆಲ್ಲಗೆ ಕತ್ತು ತಿರುಗಿಸಿ ನನ್ನನ್ನೇ ನೋಡಿದರು. ಪೊರೆ ತೆಗೆದ ಆ ಕಣ್ಣಿನಲ್ಲಿ ಎಲ್ಲವೂ ಗೊತ್ತಿದ್ದಂತಿತ್ತು.

"ನಾಲ್ಕಕ್ಕೆಲ್ಲಪ್ಪ ಮುಗಿಯುತ್ತೆ?" ಎಂದೆ. "ಈ ಜಾತಿಗೆ ವರ್ಷವಿಡೀ ಬರ್ತಾನೇ ಇರುತ್ತೆ."

ಅತ್ತೆ ಎದ್ದು, ಚೀಲವನ್ನು ಅವನ ಕೈಯಿಂದ ತೆಗೆದುಕೊಂಡು, ಒಳಗೆ ನಡೆದರು.